ಮೀನಿನ ಮುಳ್ಳಿನ ಡಿಸೈನ್‌ಗೆ ಗೋಡೆ ನಂಬಬೇಡಿ

ಪ್ರಶ್ನೆ: ನಮ್ಮ ಹಾಲ್ 12 ಅಡಿ ಅಗಲ, 14 ಅಡಿ ಉದ್ದ. ಮರದ ಹಲಗೆಯಂತೆ ಕಾಣುವ 200 x 1200 ಮಿ.ಮೀ. ವಿಟ್ರಿಫೈಡ್ ಟೈಲ್ಸ್ ನೋಡಿಟ್ಟಿದ್ದೇವೆ. ಮೀನಿನ ಮುಳ್ಳಿನಂತೆ ಓರೆಯಾಗಿ ಜೋಡಿಸುವ ಹೆರಿಂಗ್‌ಬೋನ್ ಡಿಸೈನ್‌ನಲ್ಲಿ ಹಾಕಿಸುವ ಆಸೆ. ಮೇಸ್ತ್ರಿ ಬಾಗಿಲ ಪಕ್ಕದ ಗೋಡೆಯಿಂದ ಶುರು ಮಾಡುತ್ತೇನೆ ಎನ್ನುತ್ತಾರೆ. ಸರಿನಾ? ಎಷ್ಟು ಟೈಲ್ಸ್ ತರಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಗೋಡೆಯಿಂದ ಬೇಡವೇ ಬೇಡ. ಗೋಡೆ ಅರ್ಧ ಇಂಚು ಓರೆ ಇದ್ದರೂ ಸಾಮಾನ್ಯ ಟೈಲ್ಸ್‌ನಲ್ಲಿ ಹೇಗೋ ಮುಚ್ಚಿಹೋಗುತ್ತದೆ, ಇದರಲ್ಲಿ ಮಾತ್ರ ಸಾಲುಗಳೆಲ್ಲ ಒಂದು ಕಡೆಗೆ ವಾಲಿಕೊಂಡೇ ಹೋಗುತ್ತವೆ.

ಅದಕ್ಕೂ ಮೊದಲು ಅಳತೆಯ ಮಾತು. 1200ರ ಹಲಗೆಯನ್ನು 45 ಡಿಗ್ರಿಯಲ್ಲಿ ಹಾಕಿದರೆ ಒಂದು ಮೂತಿಯಿಂದ (ಎರಡು ಹಲಗೆ V ಆಕಾರದಲ್ಲಿ ಸೇರುವ ಚೂಪು ಮೂಲೆ) ಪಕ್ಕದ ಮೂತಿಗೆ ಸುಮಾರು 5.5 ಅಡಿ ಆಗುತ್ತದೆ. ನಿಮ್ಮ 12 ಅಡಿಯಲ್ಲಿ ಎರಡೇ ಬರುತ್ತವೆ, ಡಿಸೈನ್ ಇದೆ ಅಂತಲೇ ಗೊತ್ತಾಗುವುದಿಲ್ಲ. ಇನ್ನೊಂದು ತೊಂದರೆ, ಉದ್ದದ ಟೈಲ್ ನಡುವೆ ಕೂದಲೆಳೆಯಷ್ಟು ಬಾಗಿರುತ್ತದೆ, ಅದರ ಪಕ್ಕಕ್ಕೆ ಇನ್ನೊಂದರ ತುದಿ ಬಂದು ತಾಗಿದಾಗ ಅಂಚು ಏಳುತ್ತದೆ, ಬರಿಗಾಲಲ್ಲಿ ಓಡಾಡುವವರಿಗೆ ತಕ್ಷಣ ಗೊತ್ತಾಗುತ್ತದೆ. ಪ್ರತಿ ಟೈಲನ್ನೂ ಅರ್ಧಕ್ಕೆ ಕತ್ತರಿಸಿ 200 x 600 ಮಾಡಿಸಿ. ಆಗ ನಾಲ್ಕು ಮೂತಿ ಬರುತ್ತವೆ, ಕಣ್ಣಿಗೂ ತುಂಬುತ್ತದೆ.

ನಿಮ್ಮ 168 ಚದರ ಅಡಿಗೆ ಲೆಕ್ಕದ ಪ್ರಕಾರ ಕತ್ತರಿಸುವ ಮೊದಲಿನ 65 ಪೂರ್ತಿ ಟೈಲ್ ಸಾಕು. ಗೋಡೆ ಅಂಚಿನಲ್ಲಿ ತ್ರಿಕೋನದ ತುಂಡುಗಳು ಜಾಸ್ತಿ ಹಾಳಾಗುವುದರಿಂದ ಶೇ. 15 ಸೇರಿಸಿ 75 ತನ್ನಿ, ಎಲ್ಲವೂ ಒಂದೇ ಬ್ಯಾಚ್ ಇರಲಿ.

ಈಗ ಗೆರೆ. ಬಾಗಿಲ ಕಡೆಯ ಗೋಡೆ, ಎದುರು ಗೋಡೆ ಎರಡರಲ್ಲೂ ನಟ್ಟನಡುವೆ ಗುರುತು ಮಾಡಿ, ಒಂದು ಗುರುತಿನಿಂದ ಇನ್ನೊಂದಕ್ಕೆ ದಾರ ಹಿಡಿದು ನೆಲಕ್ಕೆ ಗೆರೆ ಹೊಡೆಸಿ. ಮೂತಿಯನ್ನು ಸರಿಯಾಗಿ ಆ ಗೆರೆ ಮೇಲೇ ಇಡುವುದು ಬಹಳ ಜನ ಮಾಡುವ ತಪ್ಪು. ಒಂದು ಟೈಲಿನ ತುದಿ ಇನ್ನೊಂದರ ಪಕ್ಕಕ್ಕೆ ಕೂರುವುದರಿಂದ ಜೋಡಿಯ ಎರಡು ಕೈ ಸಮ ಇರುವುದಿಲ್ಲ, ಅಲ್ವಾ? 200ರ ಅಗಲಕ್ಕೆ ಮೂತಿ ಗೆರೆಯಿಂದ ಸುಮಾರು 70 ಮಿ.ಮೀ. ಪಕ್ಕಕ್ಕೆ ಸರಿಯಬೇಕು. ಲೆಕ್ಕ ಬೇಡವೆಂದರೆ ಐದಾರು ಜೋಡಿ ಸುಮ್ನೆ ನೆಲದ ಮೇಲೆ ಜೋಡಿಸಿ, ಎಡ ಬಲ ತುದಿಗಳು ಗೆರೆಯಿಂದ ಒಂದೇ ದೂರ ಆಗುವವರೆಗೆ ಸರಿಸಿ ನೋಡಿ. ಮೇಸ್ತ್ರಿಗೆ ಅರ್ಧ ದಿನ ಹೋಗುತ್ತದೆ, ಹೋಗಲಿ. ಕೂಲಿಯನ್ನೂ ಮೊದಲೇ ಮಾತಾಡಿಕೊಳ್ಳಿ, ಕಟಿಂಗ್ ಜಾಸ್ತಿ ಇರುವ ಕೆಲಸ ಇದು.

ವಿಟ್ರಿಫೈಡ್ ಟೈಲ್ ನೀರು ಹೀರುವುದೇ ಇಲ್ಲ ಎನ್ನುವಷ್ಟು ಕಡಿಮೆ. ಅದಕ್ಕೆ ಬರೀ ಸಿಮೆಂಟ್ ಹಾಲು ಬೇಡ, ಟೈಲ್ ಅಂಟೇ ಬಳಸಿ, ಟೈಲ್‌ಗಳ ನಡುವೆ ಸಂದಿ ಸಮ ಇರಲು 2 ಮಿ.ಮೀ. ಸ್ಪೇಸರ್ ಇಡಿಸಿ.

ಪ್ರಶ್ನೆ: ಹೆರಿಂಗ್‌ಬೋನ್, ಶೆವ್ರಾನ್ ಎರಡೂ ಒಂದೇನಾ?
– ಓದುಗರೊಬ್ಬರು, ಉಡುಪಿ

ಉತ್ತರ: ಅಲ್ಲ. ಶೆವ್ರಾನ್‌ನಲ್ಲಿ ಹಲಗೆಯ ತುದಿಯನ್ನೇ ಓರೆಯಾಗಿ ಕತ್ತರಿಸಿರುತ್ತಾರೆ, ಎರಡು ತುದಿ ಒಂದೇ ನೇರ ಗೆರೆಯಲ್ಲಿ ಸೇರುತ್ತವೆ. ಹೆರಿಂಗ್‌ಬೋನ್‌ಗೆ ಸಾಮಾನ್ಯ ಆಯತದ ಹಲಗೆ ಸಾಕು. ಹೆರಿಂಗ್ ಎಂದರೆ ನಿಮ್ಮೂರ ಬೂತಾಯಿಯ ದಾಯಾದಿ ಮೀನು. ತಿಂದಾದ ಮೇಲೆ ತಟ್ಟೆಯಲ್ಲಿ ಉಳಿಯುವ ಮುಳ್ಳು ನೋಡಿ, ನನ್ನ ಕಣ್ಣಿಗಂತೂ ಅದು ಶೆವ್ರಾನ್ ಥರವೇ ಕಾಣುತ್ತದೆ!