ಆಶ್ರಮಕ್ಕೆ ಬರೆದುಕೊಟ್ಟ ಸೈಟು ವಾಪಸ್ ಬರುತ್ತಾ?

ಮಠ, ದೇವಸ್ಥಾನ, ಚರ್ಚು, ಆಶ್ರಮಗಳ ಮೇಲೆ ಕೇಸು ಹಾಕುವ ಬಗ್ಗೆ ಬರುವ ಪತ್ರಗಳನ್ನು ಇಷ್ಟು ದಿನ ಬದಿಗಿಟ್ಟಿದ್ದೆ. ಈಗ ಅವೇ ಜಾಸ್ತಿಯಾಗಿವೆ. ಕೆಲವದರಲ್ಲಿ ಊರ ರಾಜಕೀಯ ಇದೆ, ದಾಖಲೆ ಒಂದೂ ಇಲ್ಲ. ಉಳಿದವುಗಳಲ್ಲಿ ಕೋರ್ಟಿನ ಮುಂದೆ ಅಡ್ಡಾಡುವ ಯಾವನೋ ಏಜೆಂಟನ ಸಲಹೆ ಇದೆ. ಲಾಯರ್ ನೋಟಿಸ್ ಎಂದರೇನು, ವಕಾಲತ್ತು ಎಂದರೇನು ಅಂತ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದು ಯಾರನ್ನು ಕೇಳಿದರೂ ಗೊತ್ತಾಗುತ್ತದೆ.

ಪ್ರಶ್ನೆ: ಮಠದ ಮೇಲೆ ಕೇಸು ಹಾಕಬಹುದಾ? ಪಾಪ ತಟ್ಟುವುದಿಲ್ಲವೇ?

ಹಾಕಬಹುದು. ಪಾಪದ ವಿಚಾರ ವಕೀಲರನ್ನು ಕೇಳಬೇಡಿ. ಉಡುಪಿಯ ಶಿರೂರು ಮಠದ ಸ್ವಾಮೀಜಿಯವರೇ ಮದ್ರಾಸಿನ ಧರ್ಮಾದಾಯ ಆಯುಕ್ತರ ವಿರುದ್ಧ ಕೋರ್ಟಿಗೆ ಹೋಗಿದ್ದರು. ಅದರಲ್ಲಿ ಸುಪ್ರೀಂ ಕೋರ್ಟ್ 1954ರಲ್ಲಿ ಕೊಟ್ಟ ತೀರ್ಪನ್ನು ನಾವು ಇವತ್ತಿಗೂ ಓದುತ್ತೇವೆ. ಸ್ವಾಮಿಗಳಿಗಿಲ್ಲದ ಮುಜುಗರ ನಿಮಗೇಕೆ?

ಪ್ರಶ್ನೆ: ದೇವರನ್ನೇ ಪ್ರತಿವಾದಿ ಮಾಡಬಹುದಾ?

ಪ್ರತಿಷ್ಠೆಯಾದ ವಿಗ್ರಹ ಕಾನೂನಿನ ಲೆಕ್ಕದಲ್ಲಿ ವ್ಯಕ್ತಿಯೇ. ಆಸ್ತಿ ಹೊಂದಬಹುದು, ದಾವೆ ಹೂಡಬಹುದು, ಎದುರಿಸಲೂಬಹುದು. ಆದರೆ ಎಷ್ಟು ನೂರು ವರ್ಷ ಹಳೆಯದಾದರೂ ಮೈನರ್. ದೇವರ ಪರವಾಗಿ ಯಾರು ನಿಲ್ಲುತ್ತಾರೆ ಅನ್ನುವುದನ್ನು ಮೊದಲು ನೋಡಿ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, 74 ವರ್ಷ. ಹೆಂಡತಿ ತೀರಿಕೊಂಡ ಮೇಲೆ ಒಂದು ಆಶ್ರಮಕ್ಕೆ ಹೋಗಿ ಬರುತ್ತಿದ್ದೆ. 2019ರಲ್ಲಿ ನನ್ನ ಸೈಟನ್ನು ಆಶ್ರಮದ ಟ್ರಸ್ಟಿಗೆ ದಾನಪತ್ರ ಮಾಡಿಕೊಟ್ಟೆ. ಅಲ್ಲಿ ಪಾಠಶಾಲೆ ಕಟ್ಟುತ್ತೇವೆ, ನಿಮಗೆ ಕೊನೆಯವರೆಗೂ ಆಶ್ರಮದಲ್ಲಿ ಒಂದು ಕೊಠಡಿ, ಎರಡು ಹೊತ್ತು ಪ್ರಸಾದ ಅಂದಿದ್ದರು. ಅವತ್ತೇ ಲೆಟರ್‌ಹೆಡ್ಡಿನಲ್ಲಿ ಹಾಗೆ ಬರೆದೂ ಕೊಟ್ಟರು. ಈಗ ಸೈಟಿನಲ್ಲಿ ಅಂಗಡಿ ಮಳಿಗೆ ಎದ್ದಿದೆ. ಕಳೆದ ತಿಂಗಳು ಕೊಠಡಿ ಖಾಲಿ ಮಾಡಿ ಅಂದರು. ಪರಿಚಯದವರೊಬ್ಬರು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ರದ್ದತಿ ಪತ್ರ ಮಾಡಿಸಿಕೊಡುತ್ತೇನೆ ಅನ್ನುತ್ತಾರೆ. ಮಾಡಿಸಲೇ?

ಬೇಡ ಮೇಷ್ಟ್ರೇ. ಆ ಪರಿಚಯದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ದಾನಪತ್ರ ನೋಂದಣಿಯಾಗಿ, ಎದುರಿನವರು ಅದನ್ನು ಒಪ್ಪಿಕೊಂಡ ಮೇಲೆ, ಕೊಟ್ಟವರು ಒಬ್ಬರೇ ಹೋಗಿ ಅದನ್ನು ರದ್ದು ಮಾಡಲು ಬರುವುದಿಲ್ಲ. ಹಾಗೆ ಮಾಡಿಸಿದ ಕಾಗದ ಇಸಿಯಲ್ಲಿ, ಅಂದರೆ ಆಸ್ತಿಯ ಋಣಭಾರ ಪತ್ರದಲ್ಲಿ, ಒಂದು ಸಾಲು ಹೆಚ್ಚಿಸುತ್ತದೆ, ಅಷ್ಟೇ. ಸೈಟು ಬರುವುದಿಲ್ಲ. ಈ ರದ್ದತಿ ಪತ್ರದ ದಂಧೆ ನೋಡಿ ನೋಡಿ ಸಾಕಾಗಿದೆ. ಸ್ಟಾಂಪು, ಫೀಸು, 'ಮೇಲಿನ ಖರ್ಚು' ಅಂತ ಇಸಿದುಕೊಂಡು ಆಮೇಲೆ 'ಇನ್ನು ಕೋರ್ಟಿಗೆ ಹೋಗಿ' ಅನ್ನುತ್ತಾರೆ.

ನೀವು ಕಳಿಸಿದ ದಾನಪತ್ರದ ನಕಲು ಓದಿದೆ. 'ಯಾರ ಒತ್ತಾಯ, ಪ್ರೇರೇಪಣೆ ಇಲ್ಲದೆ, ಸ್ವಸಂತೋಷದಿಂದ, ಪ್ರತಿಫಲಾಪೇಕ್ಷೆ ಇಲ್ಲದೆ' ಎಂದಿದೆ. ಮೂರನೇ ಪುಟದಲ್ಲಿ 'ನೀವು ನಿಮ್ಮ ಪುತ್ರ ಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದು' ಅಂತಲೂ ಇದೆ. ಸನ್ಯಾಸಿಯೊಬ್ಬರ ಟ್ರಸ್ಟಿಗೆ ಮಾಡಿದ ಪತ್ರದಲ್ಲಿ ಪುತ್ರ ಪೌತ್ರರು! ಬಾಂಡ್ ರೈಟರ್ ಹಳೆಯ ಪತ್ರವೊಂದರಿಂದ ಎತ್ತಿ ಹಾಕಿದ್ದಾನೆ, ಯಾರೂ ಓದಿಲ್ಲ. ನೀವೂ ಓದಿಲ್ಲ.

ಪಾಠಶಾಲೆಯ ಮಾತು ಇರುವುದು ಒಂದೇ ಕಡೆ: 'ಧಾರ್ಮಿಕ ಹಾಗೂ ಶೈಕ್ಷಣಿಕ ಉದ್ದೇಶಕ್ಕೆ ಬಳಸಿಕೊಳ್ಳುವುದು.' ಇಷ್ಟು ಬರೆದರೆ ಸಾಲುವುದಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 126ರ ಪ್ರಕಾರ ದಾನ ವಾಪಸ್ ಆಗಬೇಕಾದರೆ, ಇಂಥದ್ದೊಂದು ಘಟನೆ ನಡೆದರೆ ದಾನ ರದ್ದಾಗುತ್ತದೆ ಅಂತ ಇಬ್ಬರೂ ಒಪ್ಪಿರಬೇಕು. ಆ ಘಟನೆ ಕೊಟ್ಟವರ ಇಷ್ಟದ ಮೇಲೆ ನಿಂತಿರಬಾರದು. 'ಐದು ವರ್ಷದೊಳಗೆ ಪಾಠಶಾಲೆ ಕಟ್ಟದಿದ್ದರೆ ಜಾಗ ನನಗೆ ವಾಪಸ್' ಅಂತ ಬರೆಸಿದ್ದರೆ ನಾವು ಬೇರೆಯೇ ಮಾತಾಡುತ್ತಿದ್ದೆವು. ಆಗ ಷರತ್ತು ಮುರಿದ ದಿನದಿಂದ 12 ವರ್ಷ ಕಾಲಮಿತಿ ಸಿಗುತ್ತಿತ್ತು. ನಿಮ್ಮ ಪತ್ರದಲ್ಲಿ ಆ ಸಾಲು ಇಲ್ಲ. ಮಳಿಗೆ ಕಟ್ಟಿದರು ಅನ್ನುವುದೊಂದನ್ನೇ ಹಿಡಿದುಕೊಂಡು ಸೈಟು ಕೇಳಲು ಹೋದರೆ ಸೋಲುತ್ತೀರಿ.

ಎರಡನೆಯದು ಅನುಚಿತ ಪ್ರಭಾವ. ಗುರುವಿನ ಮೇಲೆ ಶಿಷ್ಯನಿಗಿರುವ ನಂಬಿಕೆಯನ್ನು ಬಳಸಿಕೊಂಡು ಆಸ್ತಿ ಬರೆಸಿಕೊಂಡರೆ ಕೋರ್ಟು ಅದನ್ನು ರದ್ದು ಮಾಡಬಹುದು. ಇದು ಹೊಸ ಕಾನೂನಲ್ಲ. 1890ರ ಹೊತ್ತಿಗೇ ಅಲಹಾಬಾದ್ ಹೈಕೋರ್ಟಿನ ಒಂದು ಪ್ರಕರಣದಲ್ಲಿ, ಪರಲೋಕದ ಪುಣ್ಯಕ್ಕೆಂದು ವೃದ್ಧರೊಬ್ಬರು ಇದ್ದಬದ್ದ ಆಸ್ತಿಯನ್ನು ಗುರುವಿಗೆ ಕೊಟ್ಟಿದ್ದ ಪತ್ರ ನಿಲ್ಲಲಿಲ್ಲ. 'ಸ್ವಸಂತೋಷದಿಂದ' ಎಂಬ ಪದ ಪತ್ರದಲ್ಲಿದ್ದ ಮಾತ್ರಕ್ಕೆ ಕೇಸು ಮುಗಿಯುವುದಿಲ್ಲ. ಕೋರ್ಟು ನೋಡುವುದು ಬೇರೆ: ಪತ್ರ ಎಲ್ಲಿ ಟೈಪಾಯಿತು? ಸ್ಟಾಂಪಿನ ದುಡ್ಡು ಯಾರು ಕಟ್ಟಿದರು? ಇಬ್ಬರು ಸಾಕ್ಷಿಗಳೂ ಆಶ್ರಮದವರೇನಾ? ಹೊರಗಿನ ಒಬ್ಬ ವಕೀಲರನ್ನಾದರೂ, ಮಕ್ಕಳನ್ನಾದರೂ ಕೇಳಲು ನಿಮಗೆ ಸಮಯ ಸಿಕ್ಕಿತ್ತಾ? ಸೈಟು ಬಿಟ್ಟರೆ ನಿಮಗೆ ಬೇರೇನಿತ್ತು? ಈ ಐದಕ್ಕೂ ನಿಮ್ಮ ಕೈಬರಹದಲ್ಲೇ ಉತ್ತರ ಬರೆದು, ಯಾವ ವಕೀಲರ ಬಳಿ ಹೋಗುತ್ತೀರೋ ಅವರಿಗೆ ಕೊಡಿ. ಆಶ್ರಮದ ಬಗ್ಗೆ ನಿಮಗಾದ ನೋವಿನ ಏಳು ಪುಟ ಬೇಡ.

ಆದರೆ ಇಲ್ಲೊಂದು ತೊಡಕಿದೆ. ಪತ್ರ ರದ್ದು ಮಾಡಿಸುವ ದಾವೆಗೆ ಕಾಲಮಿತಿ ಮೂರು ವರ್ಷ, ಮೋಸ ಅಥವಾ ಪ್ರಭಾವ ನಿಮಗೆ ಗೊತ್ತಾದ ದಿನದಿಂದ. ನಿಮಗೆ ಗೊತ್ತಾಗಿದ್ದು ಕಳೆದ ತಿಂಗಳು ಅಂತ ನೀವು ಹೇಳುತ್ತೀರಿ. ಮಳಿಗೆಗೆ ಪಾಯ ತೋಡಿದಾಗಲೇ ಗೊತ್ತಿತ್ತು ಅಂತ ಅವರು ಹೇಳುತ್ತಾರೆ. ಶಂಕುಸ್ಥಾಪನೆಯ ಫೋಟೋದಲ್ಲಿ ನೀವಿದ್ದರಂತೂ ಕಷ್ಟ. ಸಾಲದ್ದಕ್ಕೆ ಇಂಥ ದಾವೆಗೆ ಆಸ್ತಿಯ ಬೆಲೆಯ ಮೇಲೆ ಕೋರ್ಟ್ ಫೀ ಕಟ್ಟಬೇಕು. ಅದನ್ನು ಉಳಿಸಿಕೊಡುತ್ತೇನೆಂದು ಸುಮ್ನೆ ಒಂದು ತಡೆಯಾಜ್ಞೆ ದಾವೆ ಹಾಕಿಸುವ ಜಾಣರಿದ್ದಾರೆ. ಪತ್ರ ಹಾಗೇ ಇರುತ್ತದೆ, ತಡೆಯಾಜ್ಞೆ ಬಿದ್ದುಹೋಗುತ್ತದೆ, ಮೂರು ವರ್ಷವೂ ಕಳೆದಿರುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಉಪವಿಭಾಗಾಧಿಕಾರಿಗಳ ಕಚೇರಿಗೆ ಹೋಗುತ್ತಿದ್ದೆ. ಹಿರಿಯ ನಾಗರಿಕರ 2007ರ ಕಾಯ್ದೆಯ ಕಲಂ 23 ಏನು ಹೇಳುತ್ತದೆ ಅಂದರೆ, ನನ್ನನ್ನು ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಹಿರಿಯರು ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ, ಆ ವರ್ಗಾವಣೆಯನ್ನು ಅಲ್ಲಿನ ಟ್ರಿಬ್ಯೂನಲ್ ಅನೂರ್ಜಿತ ಅಂತ ಘೋಷಿಸಬಹುದು. ಇದು ಮಕ್ಕಳ ವಿರುದ್ಧ ಮಾತ್ರ ಅಂತ ಎಲ್ಲರೂ ತಿಳಿದಿದ್ದಾರೆ. ಆಶ್ರಮದ ವಕೀಲರೂ ಹಾಗೇ ವಾದಿಸುತ್ತಾರೆ. ಕಲಂ ತೆಗೆದು ಓದಿ. ಅಲ್ಲಿರುವುದು 'ವರ್ಗಾವಣೆ ಪಡೆದವರು' ಅಂತ, 'ಮಗ' ಅಂತಲ್ಲ.

ಷರತ್ತು ಇತ್ತು ಅನ್ನುವುದನ್ನು ನೀವು ತೋರಿಸಬೇಕು, ಅದು ನಿಜ. 2022ರಲ್ಲಿ ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಬಿಗಿಯಾಗಿಯೇ ಹೇಳಿತ್ತು. ಆದರೆ 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿ–ಮಗನ ಪ್ರಕರಣವೊಂದು ಬಂತು. ಅಲ್ಲಿ ದಾನಪತ್ರದ ಜೊತೆಗೆ ಮಗ ನೋಡಿಕೊಳ್ಳುತ್ತೇನೆಂದು ಒಂದು ವಚನಪತ್ರ ಇತ್ತು. ಎರಡನ್ನೂ ಒಟ್ಟಿಗೆ ಓದಿ ಸುಪ್ರೀಂ ಕೋರ್ಟ್ ದಾನಪತ್ರವನ್ನು ರದ್ದು ಮಾಡಿತು, ಸ್ವಾಧೀನ ಬಿಡಿಸಿಕೊಡುವ ಅಧಿಕಾರವೂ ಟ್ರಿಬ್ಯೂನಲ್‌ಗೆ ಇದೆ ಎಂದಿತು. ನಿಮ್ಮ ಲೆಟರ್‌ಹೆಡ್ ಕಾಗದ ಅದಕ್ಕೆ ಹತ್ತಿರದ್ದು. ದಾನಪತ್ರದ ದಿನಾಂಕವೇ ಅದರಲ್ಲೂ ಇದೆ, ಸೀಲೂ ಇದೆ. ಇಡೀ ಫೈಲಿನಲ್ಲಿ ಬೆಲೆಬಾಳುವ ಹಾಳೆ ಅದೊಂದೇ. ನೀವು ಅದನ್ನು ನನಗೆ ಮಡಚಿ, ಸ್ಟೇಪಲ್ ಹೊಡೆದು ಕಳಿಸಿದ್ದೀರಿ! ಮೂಲಪ್ರತಿಯನ್ನು ಯಾರಿಗೂ ಅಂಚೆಯಲ್ಲಿ ಕಳಿಸಬೇಡಿ. ನನಗೂ ಬೇಡ. ರಿಜಿಸ್ಟರ್ ಪೋಸ್ಟಿನಲ್ಲಿ ವಾಪಸ್ ಕಳಿಸಿದ್ದೇನೆ.

ಟ್ರಿಬ್ಯೂನಲ್‌ನಲ್ಲಿ ಅರ್ಜಿ ಬಾಕಿ ಇದೆ, ಹಾಗಾಗಿ ಸಿವಿಲ್ ದಾವೆಯ ಕಾಲಮಿತಿ ನಿಂತಿರುತ್ತದೆ ಅಂತ ನಂಬಿ ಕೂರಬೇಡಿ. ಕಾವೇರಿ ಪೋರ್ಟಲ್‌ನಲ್ಲಿ 2019ರಿಂದ ಇವತ್ತಿನವರೆಗಿನ ಇಸಿ ತೆಗೆಸಿ. ಮಳಿಗೆ ಕಟ್ಟಲು ಸೈಟನ್ನು ಬ್ಯಾಂಕಿಗೆ ಅಡವಿಟ್ಟಿದ್ದರೆ ಬ್ಯಾಂಕನ್ನೂ ಸೇರಿಸಬೇಕಾಗುತ್ತದೆ. ಟ್ರಸ್ಟ್ ಡೀಡಿನ ದೃಢೀಕೃತ ನಕಲು ಅದು ನೋಂದಣಿಯಾದ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಿಗುತ್ತದೆ. ಅದರಲ್ಲಿ ಟ್ರಸ್ಟಿಗಳ ಹೆಸರು ನೋಡಿ. ಟ್ರಸ್ಟಿನ ಹೆಸರೊಂದನ್ನೇ ಬರೆದು ದಾವೆ ಹಾಕುವುದು ತಪ್ಪು. ಟ್ರಸ್ಟಿಗಳು ಎಷ್ಟು ಜನರೋ ಅಷ್ಟೂ ಜನರನ್ನು ಪ್ರತಿವಾದಿ ಮಾಡಬೇಕು. ಬೋರ್ಡಿನಲ್ಲಿ ಫೋಟೋ ಇರುವ ಸ್ವಾಮೀಜಿ ಟ್ರಸ್ಟಿಯೇ ಆಗಿರದಿರುವುದೂ ಉಂಟು.

ಇನ್ನು, ನಿಮ್ಮ ಪತ್ರದ ಕೊನೆಯಲ್ಲಿ 'ಜಾಗ ಬರದಿದ್ದರೂ ಪರವಾಗಿಲ್ಲ, ಪಾಠಶಾಲೆ ಆಗಬೇಕು, ಇವರ ಲೆಕ್ಕ ಬಯಲಿಗೆ ಬರಬೇಕು' ಅಂತ ಬರೆದಿದ್ದೀರಿ. ಇದನ್ನು ಸರಿಯಾಗಿ ಯೋಚಿಸಿ. ಸೈಟು ನನಗೆ ಬೇಕು ಅನ್ನುವುದು ಒಂದು ಕೇಸು. ಸಂಸ್ಥೆ ಸರಿಯಾಗಬೇಕು ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 92 ಇದೆ. ಸಾರ್ವಜನಿಕ ಧಾರ್ಮಿಕ ಟ್ರಸ್ಟಿನಲ್ಲಿ ಹಿತಾಸಕ್ತಿ ಇರುವ ಕನಿಷ್ಠ ಇಬ್ಬರು, ಕೋರ್ಟಿನ ಅನುಮತಿ ಪಡೆದು, ದಾವೆ ಹೂಡಬೇಕು. 1976ರ ತಿದ್ದುಪಡಿಗೆ ಮುಂಚೆ ಇದಕ್ಕೆ ಅಡ್ವೊಕೇಟ್ ಜನರಲ್ ಒಪ್ಪಿಗೆ ಬೇಕಿತ್ತು. ಈಗ ಜಿಲ್ಲಾ ನ್ಯಾಯಾಲಯದ ಅನುಮತಿ ಸಾಕು. ಟ್ರಸ್ಟಿಯನ್ನು ತೆಗೆಯುವುದು, ಲೆಕ್ಕ ಕೇಳುವುದು, ಆಡಳಿತಕ್ಕೆ ಹೊಸ ಯೋಜನೆ ಮಾಡಿಸುವುದು, ಇವೆಲ್ಲ ಅದರಲ್ಲಿ ಆಗುತ್ತವೆ. ನಿಮ್ಮ ಕೊಠಡಿ, ನಿಮ್ಮ ಸೈಟು ಅದರಲ್ಲಿ ಬರುವುದಿಲ್ಲ. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿದರೆ, ಇದು ಸಾರ್ವಜನಿಕ ಹಿತದ ದಾವೆಯಲ್ಲ, ಸ್ವಂತ ಜಗಳ ಅಂತ ಅನುಮತಿ ಹಂತದಲ್ಲೇ ಬಾಗಿಲು ಹಾಕುತ್ತಾರೆ. ಇಂಥ ಸಂಕರದ ಅರ್ಜಿಗಳೇ ನನ್ನ ಬಳಿ ಹೆಚ್ಚಾಗಿ ಬರುವುದು.

ನನ್ನ ಅಭಿಪ್ರಾಯ ಕೇಳಿದರೆ, ಕಲಂ 92ರ ಓಡಾಟ ನಿಮಗೆ ಬೇಡ. ಅದು ವರ್ಷಗಟ್ಟಲೆ ಎಳೆಯುತ್ತದೆ. ಐವತ್ತರ ಒಳಗಿನ ಇಬ್ಬರು ಭಕ್ತರಿದ್ದರೆ ಅವರು ಮಾಡಲಿ. ಪೊಲೀಸ್ ಸ್ಟೇಷನ್ನಿಗೂ ಈಗಲೇ ಓಡಬೇಡಿ. ವಂಚನೆಯ ಎಫ್‌ಐಆರ್ ಹಾಕಿದರೆ ಹೆದರಿ ಬಿಟ್ಟುಕೊಡುತ್ತಾರೆ ಅನ್ನುವುದು ಟೀ ಅಂಗಡಿಯ ಕಾನೂನು. ಅವರು ಹೈಕೋರ್ಟಿಗೆ ಹೋಗಿ, 'ಸಿವಿಲ್ ವ್ಯಾಜ್ಯಕ್ಕೆ ಕ್ರಿಮಿನಲ್ ಬಣ್ಣ ಬಳಿದಿದ್ದಾರೆ' ಅಂತ ರದ್ದು ಮಾಡಿಸುತ್ತಾರೆ. ಆಮೇಲೆ ಆ ಆದೇಶವನ್ನೇ ನಿಮ್ಮ ಸಿವಿಲ್ ಕೇಸಿನಲ್ಲಿ ತೋರಿಸುತ್ತಾರೆ.

ಮುಖ್ಯವಾದ ಮಾತು: ಕೊಠಡಿ ಖಾಲಿ ಮಾಡಬೇಡಿ. ಬಾಯಿಮಾತಿಗೆ ಎದ್ದು ಹೋಗಬೇಡಿ, ಯಾವ ಕಾಗದಕ್ಕೂ ಸಹಿ ಹಾಕಬೇಡಿ, 'ರಾಜಿ' ಎಂದು ಬರೆದಿದ್ದರಂತೂ ಬೇಡವೇ ಬೇಡ. ಕರೆಂಟು, ನೀರು ನಿಲ್ಲಿಸಿದರೆ ಅಥವಾ ಬೆದರಿಸಿದರೆ ಆಗ 112ಕ್ಕೆ ಫೋನು ಮಾಡಿ. ಹಿರಿಯರ ಸಹಾಯವಾಣಿ 14567 ಕೂಡ ಇದೆ.

ಪ್ರಶ್ನೆ: ನಮ್ಮೂರ ದೇವಸ್ಥಾನದ ಸಮಿತಿ ಹುಂಡಿ ಲೆಕ್ಕ ಕೊಡುತ್ತಿಲ್ಲ. ಎಲ್ಲಿ ಕೇಸು ಹಾಕಬೇಕು?

ಅದು ಯಾವ ಬಗೆಯ ಸಂಸ್ಥೆ ಅಂತ ನೀವು ಹೇಳಿಲ್ಲ. ನೂರು ಪತ್ರ ಬಂದರೂ ಯಾರೂ ಹೇಳುವುದಿಲ್ಲ! ಮುಜರಾಯಿಗೆ ಸೇರಿದ್ದರೆ ತಹಶೀಲ್ದಾರ್, ಜಿಲ್ಲಾಧಿಕಾರಿ. ಲೆಕ್ಕಕ್ಕೆ ಇಲಾಖೆಗೆ ಆರ್‌ಟಿಐ ಹಾಕಿ. ಮಠಗಳಿಗೂ ಅವುಗಳ ದೇವಸ್ಥಾನಗಳಿಗೂ 1997ರ ಮುಜರಾಯಿ ಕಾಯ್ದೆ ಅನ್ವಯಿಸುವುದಿಲ್ಲ. ನೋಂದಾಯಿತ ಸಂಘವಾಗಿದ್ದರೆ ಸಂಘಗಳ ಜಿಲ್ಲಾ ನೋಂದಣಾಧಿಕಾರಿ. ಮೂರನೇ ಒಂದು ಭಾಗ ಸದಸ್ಯರು ಸಹಿ ಮಾಡಿ ಕೇಳಿದರೆ ವಿಚಾರಣೆ ಮಾಡಲೇಬೇಕು. ಟ್ರಸ್ಟ್ ಆಗಿದ್ದರೆ ಮೇಲೆ ಮೇಷ್ಟ್ರಿಗೆ ಹೇಳಿದ ಕಲಂ 92. ಇದೇ ಪ್ರಶ್ನೆಯನ್ನು ವಕ್ಫ್ ಆಸ್ತಿಯ ಬಗ್ಗೆ ಕೇಳಿದವರಿಗೆ: ಅದು ವಕ್ಫ್ ಟ್ರಿಬ್ಯೂನಲ್‌ನ ಕೆಲಸ.

ಪ್ರಶ್ನೆ: ತಲೆತಲಾಂತರದಿಂದ ಪೂಜೆ ನಮ್ಮದು. ನನ್ನನ್ನು ಅರ್ಚಕನ ಕೆಲಸದಿಂದ ಬಿಡಿಸಿದ್ದಾರೆ. ಧರ್ಮದ ವಿಷಯ, ಕೋರ್ಟು ಕೈಹಾಕುವುದಿಲ್ಲ ಅನ್ನುತ್ತಾರೆ.

ಸುಳ್ಳು. ಹುದ್ದೆಯ ಹಕ್ಕು ಸಿವಿಲ್ ಹಕ್ಕು. ಅದನ್ನು ತೀರ್ಮಾನಿಸಲು ಪೂಜಾವಿಧಿಯ ಪ್ರಶ್ನೆ ಅಡ್ಡ ಬಂದರೂ ಸಿವಿಲ್ ಕೋರ್ಟು ನೋಡಬಹುದು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 9ರಲ್ಲೇ ಇದೆ. ಹುದ್ದೆಗೆ ಸಂಬಳ ಇರಲೇಬೇಕೆಂದೂ ಇಲ್ಲ. ಆದರೆ ತೀರ್ಥ ಮೊದಲು ಯಾರಿಗೆ ಕೊಡಬೇಕು ಅನ್ನುವ ಬರೀ ಮರ್ಯಾದೆಯ ಜಗಳ ತರಬೇಡಿ. ನಿಮ್ಮದು ಮುಜರಾಯಿ ದೇವಸ್ಥಾನವಾದರೆ ಮೊದಲು ಇಲಾಖೆ.

ಪ್ರಶ್ನೆ: ಜಾತಿ ಕಾರಣಕ್ಕೆ ದೇವಸ್ಥಾನದೊಳಗೆ ಬಿಡಲಿಲ್ಲ. ಖಾಸಗಿ ದೇವಸ್ಥಾನ ಅನ್ನುತ್ತಾರೆ.

ಊರವರೆಲ್ಲ ಹೋಗುವ ದೇವಸ್ಥಾನ ಖಾಸಗಿ ಹೇಗಾಗುತ್ತದೆ? ಮೂಲ್ಕಿ ವೆಂಕಟರಮಣ ದೇವಸ್ಥಾನದ ಪ್ರಕರಣದಲ್ಲಿ 1950ರ ದಶಕದಲ್ಲೇ ಸುಪ್ರೀಂ ಕೋರ್ಟ್ ಇದನ್ನು ತೀರ್ಮಾನಿಸಿದೆ. ಇಲ್ಲಿ ನೋಟಿಸು, ಗೀಟಿಸು ಬೇಡ. ನೇರ ಎಫ್‌ಐಆರ್.

ಪ್ರಶ್ನೆ: ರಾತ್ರಿ ಹನ್ನೊಂದಾದರೂ ಮೈಕ್ ನಿಲ್ಲಿಸುವುದಿಲ್ಲ. ದಾವೆ ಹಾಕಲೇ?

112ಕ್ಕೆ ಫೋನು ಹಾಕಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ. ಹಬ್ಬಗಳಿಗೆ ಸರ್ಕಾರ 12 ಗಂಟೆಯವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ.

ಪ್ರಶ್ನೆ: ಫೇಸ್‌ಬುಕ್‌ನಲ್ಲಿ ಸ್ವಾಮೀಜಿ ಬಗ್ಗೆ ಎಲ್ಲಾ ಬರೆದುಬಿಟ್ಟರೆ?

ಕೇಸು ತೀರುವವರೆಗೆ ಸುಮ್ಮನಿರಿ. ಮಾನನಷ್ಟದ ಆರೋಪಿಯಾಗಿ ನನ್ನ ಬಳಿ ಬಂದರೆ ಫೀಸು ಬೇರೆ.

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ. ಊರಿನಲ್ಲಿ ಅಮ್ಮ ಹೀಗೇ ಒಂದು ಸಂಸ್ಥೆಗೆ ಮನೆ ಬರೆದುಕೊಟ್ಟಿದ್ದಾರೆ. ಇಲ್ಲಿಂದಲೇ ಕೇಸು ನಡೆಸಬಹುದಾ?

ಮನೆ ಅಮ್ಮನದಾದರೆ ಕೇಸೂ ಅಮ್ಮನದು. ಅವರಿಗೆ ಮನಸ್ಸಿಲ್ಲದಿದ್ದರೆ ನಿಮ್ಮ ಸಿಟ್ಟಿಗೆ ಕಾನೂನಿನಲ್ಲಿ ಜಾಗವಿಲ್ಲ. ಫೋನಿನಲ್ಲಿ ಅವರನ್ನೇ ಕೇಳಿ, ಅಣ್ಣತಮ್ಮಂದಿರನ್ನಲ್ಲ. ಮನೆ ಪಿತ್ರಾರ್ಜಿತವಾಗಿದ್ದು ನಿಮ್ಮ ಪಾಲನ್ನೂ ಸೇರಿಸಿ ಬರೆದಿದ್ದರೆ ಮಾತ್ರ ನೀವು ವಾದಿ ಆಗಬಹುದು. ಆಗ ಇಲ್ಲಿನವರೊಬ್ಬರ ಹೆಸರಿಗೆ ಜಿಪಿಎ (ನಿಮ್ಮ ಪರವಾಗಿ ಕೇಸು ನಡೆಸುವ ಅಧಿಕಾರ ಪತ್ರ) ಮಾಡಿ. ವಾಟ್ಸಾಪಿನಲ್ಲಿ ಕಳಿಸಿದ ಸ್ಕ್ಯಾನ್ ನಡೆಯುವುದಿಲ್ಲ. ಭಾರತೀಯ ಕಾನ್ಸುಲೇಟಿನಲ್ಲಿ ಅಥವಾ ಅಲ್ಲಿನ ನೋಟರಿ ಮುಂದೆ ಸಹಿ ಮಾಡಿ, ಮೂಲಪ್ರತಿ ಕಳಿಸಿ. ಅದು ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಸ್ಟಾಂಪು ಮಾಡಿಸಬೇಕು. ಕೊರಿಯರ್ ಕವರನ್ನು ಎಸೆಯಬೇಡಿ ಅಂತ ಇಲ್ಲಿರುವವರಿಗೆ ಹೇಳಿ. ತಲುಪಿದ ತಾರೀಕು ತೋರಿಸಲು ಬೇರೆ ಪುರಾವೆ ಇರುವುದಿಲ್ಲ.