ಸಾರಿ ನೀವು ಹೇಳಬೇಕಾಗಿರಲಿಲ್ಲ

ಪ್ರೀತಿಯ ತಂಗಿ,

ನಿಮ್ಮ ಪತ್ರ ಸಿಕ್ಕಿತು. ನಿಮ್ಮ ಹೆಸರು ಬೇಡ, ಅಂಗಡಿಯ ಹೆಸರೂ ಬೇಡ ಅಂದಿದ್ದೀರಿ. ಹಾಕುವುದಿಲ್ಲ. ಮಂಗಳೂರಿನ ಹಂಪನಕಟ್ಟೆ ಹತ್ತಿರದ ಒಂದು ಬಟ್ಟೆ ಅಂಗಡಿ, ಸೀರೆ ವಿಭಾಗದಲ್ಲಿ ನಾಲ್ಕನೇ ವರ್ಷ, ಬಜಪೆ ಕಡೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವುದು. ಇಷ್ಟು ಸಾಕು. ನಡೆದದ್ದನ್ನು ಉಳಿದ ಓದುಗರಿಗಾಗಿ ಚುಟುಕಾಗಿ ಹೇಳುತ್ತೇನೆ.

ಮದುವೆಗೆ ಉಟ್ಟ ಸೀರೆಯನ್ನು ಒಬ್ಬರು ಹಿಂದಕ್ಕೆ ತಂದರು. ಬಿಲ್ ಇಲ್ಲ. ಫಾಲ್ಸ್ ಹೊಲಿಸಿ ಆಗಿದೆ. ಸೆರಗಿನಲ್ಲಿ ಅರಿಶಿನದ ಕಲೆ. "ಬಿಲ್ ಇಲ್ಲದೆ ಆಗುವುದಿಲ್ಲ ಅಕ್ಕಾ" ಅಂದಿರಿ ನೀವು, ಅಂಗಡಿಯ ರೂಲೇ ಅದು. ಅವರು ಸೀರೆಯನ್ನು ನಿಮ್ಮ ಮೇಲೆ ಎಸೆದು, "ನಮ್ಮ ದುಡ್ಡಲ್ಲಿ ಸಂಬಳ ತಿನ್ನುವವಳು ನನಗೆ ರೂಲ್ ಹೇಳ್ತೀಯಾ" ಅಂತ ಕೂಗಿದರು. ಧಣಿಗಳು ಎದ್ದು ಬಂದರು. ಎಲ್ಲರ ಎದುರು ನಿಮ್ಮಿಂದ ಸಾರಿ ಹೇಳಿಸಿದರು. ಆಮೇಲೆ ಆ ಸೀರೆ ತೆಗೆದುಕೊಂಡು ಬೇರೆ ಸೀರೆಯನ್ನೂ ಕೊಟ್ಟು ಕಳಿಸಿದರು. ಮನೆಯಲ್ಲಿ ಹೇಳಿದರೆ ಅಮ್ಮ, "ಅಂಗಡಿ ಕೆಲಸ ಅಂದ್ರೆ ಅಷ್ಟೇ ಮಗಾ, ಸಹಿಸಿಕೊಳ್ಳಬೇಕು" ಅಂದರಂತೆ. ನೀವು ಕೇಳಿದ್ದು ಎರಡೇ ಪ್ರಶ್ನೆ. ತಪ್ಪು ನನ್ನದಾ? ಕೆಲಸ ಬಿಡಲಾ?

ತಪ್ಪು ನಿಮ್ಮದಲ್ಲ.

ಪತ್ರದ ತುಂಬಾ ಆ ಹೆಂಗಸಿನ ಮಾತೇ ಇದೆ. ಅವರು ಹೇಗೆ ನೋಡಿದರು, ಹೇಗೆ ಎಸೆದರು, ಎಂತ ಅಂದರು. ಆದರೆ ಅವರು ಬಂದರು, ಕೂಗಿದರು, ಹೋದರು. ಇನ್ನು ಅವರು ನಿಮಗೆ ಸಿಗುವುದೂ ಇಲ್ಲ. ನಿಮ್ಮನ್ನು ರಾತ್ರಿ ನಿದ್ದೆ ಮಾಡಲು ಬಿಡದೆ ಇರುವುದು ಬೇರೆ ಅಂತ ನನಗೆ ಅನಿಸುತ್ತದೆ. ರೂಲ್ ಮಾಡಿದ್ದು ಧಣಿ. ಅದನ್ನು ಗಿರಾಕಿಯ ಎದುರು ಹೇಳುವ ಕಷ್ಟದ ಕೆಲಸ ನಿಮಗೆ ಕೊಟ್ಟದ್ದೂ ಧಣಿ. ನೀವು ಅದನ್ನು ಹೇಳಿದಾಗ ನಿಮ್ಮನ್ನು ಒಂಟಿಯಾಗಿ ಬಿಟ್ಟು ಆಚೆ ಕಡೆ ಹೋಗಿ ನಿಂತದ್ದೂ ಅವರೇ. ಸೀರೆ ವಾಪಸ್ ತೆಗೆದುಕೊಳ್ಳುವುದು ಅವರಿಗೆ ಬಿಟ್ಟದ್ದು, ವ್ಯಾಪಾರ ಅವರದ್ದು. ಆದರೆ ಅದಕ್ಕೆ ಮೊದಲು "ಹುಡುಗಿ ಸರಿಯಾಗಿಯೇ ಹೇಳಿದ್ದಾಳೆ, ನಾನು ಈ ಸಲ ಮಾಡಿಕೊಡುತ್ತೇನೆ" ಅಂತ ಒಂದು ಮಾತು ಹೇಳಬಹುದಿತ್ತಲ್ವಾ? ಗಿರಾಕಿಯೂ ಉಳಿಯುತ್ತಿದ್ದರು, ನಿಮ್ಮ ಮರ್ಯಾದೆಯೂ ಉಳಿಯುತ್ತಿತ್ತು. ಈ ಒಂದು ಮಾತು ಹೇಳಲು ಕಲಿಯದ ಮಾಲೀಕರೇ ನಮ್ಮ ಊರಲ್ಲಿ ಜಾಸ್ತಿ.

ನಿಮ್ಮ ಪತ್ರದಲ್ಲಿ ಇನ್ನೊಂದು ಮಾತು ನನಗೆ ಬಹಳ ಬೇಜಾರು ತಂದಿತು. "ನಾನು ಬರೀ ಸೇಲ್ಸ್ ಗರ್ಲ್ ಸಾರ್, ಬೇರೆ ಏನೂ ಬರುವುದಿಲ್ಲ" ಅಂತ ಬರೆದಿದ್ದೀರಿ. ಅದೇ ಪತ್ರದ ಹಿಂದಿನ ಪುಟದಲ್ಲಿ ನಿಮ್ಮ ಒಂದು ದಿನದ ವಿವರ ಇದೆ, ನೀವೇ ಬರೆದದ್ದು. ಬೆಳಿಗ್ಗೆ ಬಂದವರ ಹತ್ತಿರ ತುಳುವಿನಲ್ಲಿ "ದಾನೆ ಬೋಡು ಅಕ್ಕಾ" (ಏನು ಬೇಕು ಅಕ್ಕಾ), ಅವರು ಎದ್ದ ಕೂಡಲೇ ಬಂದ ಬಾಯಮ್ಮನ ಹತ್ತಿರ ಕೊಂಕಣಿ, ಕಾಸರಗೋಡಿನಿಂದ ಮದುವೆ ಬಟ್ಟೆಗೆ ಬಂದ ಕುಟುಂಬಕ್ಕೆ ಮಲಯಾಳಂ, ಮಧ್ಯೆ ಬ್ಯಾರಿ, ಕಾಲೇಜಿನ ಉತ್ತರ ಭಾರತದ ಹುಡುಗಿಯರಿಗೆ ಹಿಂದಿ. ಇದನ್ನು ಯಾವ ಶಾಲೆಯಲ್ಲಿ ಕಲಿತಿರಿ? ಅಂಗಡಿಯಲ್ಲೇ ನಿಂತು ಕಲಿತಿರಿ. ದುಬೈಯಲ್ಲಿರುವ ಅಕ್ಕನಿಗೆ ವೀಡಿಯೋ ಕಾಲ್ ಮಾಡಿ ತಂಗಿ ಸೀರೆ ತೋರಿಸುವಾಗ, ಟ್ಯೂಬ್‌ಲೈಟಿನ ಕೆಳಗೆ ನೇರಳೆ ಬಣ್ಣ ನೀಲಿ ಕಾಣುತ್ತದೆ ಅಂತ ಗೊತ್ತಿದ್ದು, ಕೇಳುವ ಮೊದಲೇ ಸೀರೆ ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋಗಿ ಹಿಡಿದದ್ದು ನೀವು. ಇಷ್ಟೆತ್ತರ ರಾಶಿ ಬಿಚ್ಚಿ ತೋರಿಸಿ, "ಮನೆಯವರನ್ನು ಕೇಳಿ ಬರುತ್ತೇವೆ" ಅಂತ ಅವರು ಎದ್ದು ಹೋದ ಮೇಲೆ, ಜರಿ ಒಳಗೆ ಬರುವ ಹಾಗೆ, ಹಳೇ ಮಡಿಕೆಯ ಗೆರೆಯ ಮೇಲೇ ಮತ್ತೆ ಮಡಿಕೆ ಕೂರುವ ಹಾಗೆ ಒಂದೊಂದನ್ನೇ ಮಡಚಿ ಇಟ್ಟದ್ದೂ ನೀವು. ಮಡಿಕೆ ತಪ್ಪಿದರೆ ಸೀರೆಯ ಮೇಲೆ ಹೊಸ ಗೆರೆ ಬೀಳುತ್ತದೆ ಅನ್ನುವುದು ಕೊಳ್ಳುವವರಿಗೆ ಗೊತ್ತಿರುವುದಿಲ್ಲ, ನಿಮಗೆ ಗೊತ್ತು. ಯಾರ ಬಜೆಟ್ ಎಷ್ಟು ಅಂತ ಮೊದಲ ಸೀರೆ ಮುಟ್ಟಿದ ರೀತಿಯಲ್ಲೇ ತಿಳಿಯುತ್ತದೆ, ಆಮೇಲೆ ಅವರಿಗೆ ನಾಚಿಕೆ ಆಗದ ಹಾಗೆ ಕಡಿಮೆ ಬೆಲೆಯದ್ದನ್ನು ಮುಂದೆ ಇಡುತ್ತೇನೆ ಅಂತ ಬರೆದಿದ್ದೀರಿ. ಇದು ವಿದ್ಯೆ. ಬರೀ ಅನ್ನುವ ಶಬ್ದ ಇದರ ಎದುರು ಬರಬಾರದು.

ಈಗ ಕಾಲಿನ ವಿಷಯ. ಸಂಜೆ ಪಾದ ಊದುತ್ತದೆ, ಮೀನಖಂಡದ ಹಿಂದೆ ನೀಲಿ ನರ ಎದ್ದು ಕಾಣುತ್ತದೆ, ಇದು ಎಲ್ಲರಿಗೂ ಆಗುತ್ತದೆ ಅಂತ ಒಂದು ಸಾಲಿನಲ್ಲಿ ಬರೆದು ಬಿಟ್ಟಿದ್ದೀರಿ. ಒಂದು ಸಾಲಿನಲ್ಲಿ ಬಿಡುವ ವಿಷಯ ಅಲ್ಲ ಅದು. ಕಾಲಿನ ರಕ್ತ ಮೇಲೆ ಹೋಗಬೇಕಾದರೆ ಮೀನಖಂಡದ ಸ್ನಾಯು ಪಂಪಿನ ಹಾಗೆ ಒತ್ತುತ್ತಿರಬೇಕು. ನಡೆದರೆ ಒತ್ತುತ್ತದೆ, ಒಂದೇ ಕಡೆ ನಿಂತರೆ ಒತ್ತುವುದಿಲ್ಲ. ರಕ್ತ ಕೆಳಗೇ ನಿಂತು ನರ ಹಿಗ್ಗುತ್ತದೆ. ವೆರಿಕೋಸ್ ವೇನ್ ಅನ್ನುವುದು ಅದನ್ನೇ. ಗಿರಾಕಿ ಇಲ್ಲದಾಗ ಹಿಮ್ಮಡಿ ಎತ್ತಿ ಇಳಿಸುತ್ತಿರಿ, ರಾತ್ರಿ ಮಲಗಿದಾಗ ಕಾಲ ಕೆಳಗೆ ದಿಂಬು ಇಡಿ, ಒಮ್ಮೆ ಡಾಕ್ಟರಿಗೆ ತೋರಿಸಿ. ಸಂಬಳದಿಂದ ಇಎಸ್‌ಐ ಅಂತ, ಅಂದರೆ ಕೆಲಸಗಾರರ ಆರೋಗ್ಯ ವಿಮೆಗೆ, ಕಟ್ ಆಗುತ್ತದೆ ಅಂದಿದ್ದೀರಲ್ವಾ? ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಅದು. ನೂರು ರೂಪಾಯಿಗೆ ನಿಮ್ಮ ಪಾಲು 75 ಪೈಸೆ, ಧಣಿಗಳ ಪಾಲು 3 ರೂಪಾಯಿ 25 ಪೈಸೆ. ಇಷ್ಟು ವರ್ಷ ಕೊಟ್ಟಿದ್ದೀರಿ, ಅವರ ಆಸ್ಪತ್ರೆಗೆ ಒಮ್ಮೆಯೂ ಹೋಗಿಲ್ಲ ಅಂದರೆ ಹೇಗೆ? ಸುಮ್ನೆ ಕೂರಬೇಡಿ, ಹೋಗಿ. ಟಾಯ್ಲೆಟ್ ಪಕ್ಕದ ಕಟ್ಟಡದ ಕೆಳಗೆ ಇದೆ, ಹೋಗಿ ಬರಲು ಪರ್ಮಿಷನ್ ಕೇಳಬೇಕು ಅಂತ ಮಧ್ಯಾಹ್ನದವರೆಗೆ ನೀರೇ ಕುಡಿಯುವುದಿಲ್ಲ ಅಂತಲೂ ಬರೆದಿದ್ದೀರಿ. ಮಂಗಳೂರಿನ ಈ ಸೆಕೆಯಲ್ಲಿ! ದಯವಿಟ್ಟು ಹಾಗೆ ಮಾಡಬೇಡಿ. ಉರಿಮೂತ್ರ ಶುರುವಾಗುವುದು ಹೀಗೆಯೇ.

ಇದೇ ಟಾಯ್ಲೆಟ್ಟಿನಿಂದ ಕೇರಳದಲ್ಲಿ ಒಂದು ದೊಡ್ಡ ಹೋರಾಟ ಶುರುವಾಯಿತು. ಕೋಝಿಕ್ಕೋಡಿನ ಮಿಠಾಯಿ ತೆರುವಿನಲ್ಲಿ, ಅಂದರೆ ನಮ್ಮ ಹಂಪನಕಟ್ಟೆಯಂಥ ಅಂಗಡಿ ಬೀದಿಯಲ್ಲಿ, ಹೊಲಿಗೆ ಕೆಲಸ ಮಾಡುತ್ತಿದ್ದ ಪಿ. ವಿಜಿ ಅನ್ನುವವರು ಅಂಗಡಿ ಹೆಂಗಸರನ್ನು ಸೇರಿಸಿ ಪೆಣ್‌ಕೂಟ್ಟ್ ಅನ್ನುವ ಸಂಘ ಕಟ್ಟಿದರು. ಮೊದಲು ಟಾಯ್ಲೆಟ್ ಕೇಳಿದರು, ಆಮೇಲೆ ಕೂರಲು ಜಾಗ ಕೇಳಿದರು. ಗೋಡೆಗೆ ಒರಗಿದರೂ ಬೈಸಿಕೊಳ್ಳುತ್ತಿದ್ದ ಹೆಂಗಸರು ಅವರು. 2018ರಲ್ಲಿ ಕೇರಳ ಸರ್ಕಾರ ಕಾನೂನು ತಿದ್ದಿತು, ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಕೂರುವ ವ್ಯವಸ್ಥೆ ಕೊಡಲೇಬೇಕು ಅಂತ. 2021ರಲ್ಲಿ ತಮಿಳುನಾಡೂ ಮಾಡಿತು. ನೀವು ಅರ್ಧ ದಿನ ರಜೆ ಹಾಕಿ ತಲಪಾಡಿ ದಾಟಿ ಕಾಸರಗೋಡಿಗೆ ಹೋದರೆ, ಅಲ್ಲಿನ ಬಟ್ಟೆ ಅಂಗಡಿಯ ಹುಡುಗಿಗೆ ಕೂರುವ ಹಕ್ಕು ಉಂಟು. ಒಂದು ಸ್ಟೂಲಿನ ಬೆಲೆ ನಿಮ್ಮ ಅಂಗಡಿಯ ಒಂದು ಸಾಧಾರಣ ಸೀರೆಯಷ್ಟೂ ಇಲ್ಲ. ಧಣಿಗಳು ಮನಸ್ಸು ಮಾಡಿದರೆ ನಾಳೆಯೇ ಬರುತ್ತದೆ.

ಕೆಲಸದ ಹೊತ್ತಿಗೆ ನಮ್ಮಲ್ಲಿ ಕಾನೂನು ಆಗಲೇ ಇದೆ. ಬೆಳಿಗ್ಗೆ 9.15ಕ್ಕೆ ಹಾಜರಿ, ರಾತ್ರಿ 8.45ಕ್ಕೆ ಶಟರ್, ಊಟಕ್ಕೆ 20 ನಿಮಿಷ ಅಂದಿರಿ. ಅಂದರೆ 11 ಗಂಟೆಯ ಮೇಲೆ ಕೆಲಸ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಿಂದಲೂ ಇದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅನ್ನುತ್ತದೆ ಅದು. ಅದಕ್ಕಿಂತ ಹೆಚ್ಚು ದುಡಿಸಿಕೊಂಡರೆ ಆ ಹೊತ್ತಿಗೆ ಎರಡು ಪಟ್ಟು ಸಂಬಳ. ಸತತ 5 ಗಂಟೆಗಿಂತ ಹೆಚ್ಚು ದುಡಿಸುವ ಹಾಗಿಲ್ಲ, ನಡುವೆ ಒಂದು ಗಂಟೆ ವಿರಾಮ ಸಿಗಬೇಕು. ವಾರಕ್ಕೆ ಒಂದು ಪೂರ್ತಿ ದಿನ ರಜೆ. ಮೇ ತಿಂಗಳ ಮದುವೆ ಸೀಸನ್, ಊರಿಗೆ ಬಂದ ಗಲ್ಫಿನವರು, ಆಟಿ (ಆಷಾಢ) ಸೇಲ್, ದೀಪಾವಳಿ, ಕ್ರಿಸ್‌ಮಸ್ ಅಂತ ಆ ರಜೆಯನ್ನು ನುಂಗಿ ಹಾಕಲು ಯಾವ ಕಾಯ್ದೆಯೂ ಹೇಳಿಲ್ಲ. ನೇಮಕದ ಪತ್ರ ಕೊಡಬೇಕು ಅಂತಲೂ ಇದೆ. ನಿಮ್ಮ ಹತ್ತಿರ ಅದು ಇಲ್ಲ ಅಲ್ವಾ? ಮೊದಲು ಅದನ್ನು ಕೇಳಿ.

ನಿಮ್ಮ ಗೆಳತಿಯ ವಿಷಯ, ಅದೇ ಕ್ಯಾಶ್ ಕೌಂಟರಿನವರು. ಯುಪಿಐ ಆಯ್ತು ಅಂತ ಯಾರೋ ಹಳೇ ಸ್ಕ್ರೀನ್‌ಶಾಟ್ ತೋರಿಸಿ ಹೋದರು, ಆ ದುಡ್ಡನ್ನು ಅವರ ಸಂಬಳದಲ್ಲಿ ಹಿಡಿದರು ಅಂದಿರಿ. ಹಾಗೆ ಸುಮ್ಮನೆ ಹಿಡಿಯುವ ಹಾಗಿಲ್ಲ. ಅವರದ್ದೇ ಅಲಕ್ಷ್ಯದಿಂದ ನಷ್ಟ ಆಯಿತು ಅಂತ ತೋರಿಸಬೇಕು, ಹಿಡಿಯುವ ಮೊದಲು ಅವರ ಮಾತು ಕೇಳಬೇಕು. ಕೌಂಟರಿನ ಸೌಂಡ್ ಬಾಕ್ಸ್ ಕೆಟ್ಟು ತಿಂಗಳಾಗಿತ್ತು ಅಂದರೆ ಅಲಕ್ಷ್ಯ ಯಾರದ್ದು?

ನಂಬರ್ ಕೊಡಿ ಅಂತ ಪದೇ ಪದೇ ಬರುವ ಗಂಡಸಿನ ಬಗ್ಗೆ ನೀವು ನಾಚಿಕೆಯಿಂದ ಅರ್ಧ ಬರೆದು ಬಿಟ್ಟಿದ್ದೀರಿ. ಅದು ಗಿರಾಕಿಯ ಕಿರಿಕಿರಿ ಅಂತ ನುಂಗಿಕೊಳ್ಳುವ ವಿಷಯವೇ ಅಲ್ಲ. ಹೊರಗಿನಿಂದ ಬರುವವರಿಂದಲೂ ನಿಮಗೆ ರಕ್ಷಣೆ ಕೊಡುವ ಹೊಣೆ ಮಾಲೀಕರದ್ದು ಅಂತ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹೇಳುತ್ತದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಅಂಗಡಿಯಲ್ಲಿ ದೂರು ಕೇಳುವ ಸಮಿತಿ ಇರಲೇಬೇಕು. ಅವನು ಬಂದ ದಿನ, ಹೊತ್ತು ಬರೆದಿಡಿ. ಸಿಸಿಟಿವಿ ಇದೆಯಲ್ಲ. ಹೆದರಿಕೆ ಆದರೆ 181 ಅಥವಾ 112ಕ್ಕೆ ಫೋನ್ ಮಾಡಿ.

ಇನ್ನು ನಾವು ಗಿರಾಕಿಗಳು. ಈ ಪತ್ರಿಕೆ ಓದುವ ಎಲ್ಲರೂ ವಾರಕ್ಕೆ ಒಮ್ಮೆಯಾದರೂ ಯಾವುದಾದರೂ ಕೌಂಟರಿನ ಎದುರು ನಿಲ್ಲುವವರೇ. ಅವರಲ್ಲಿ ನನ್ನದು ಸಣ್ಣ ಸಣ್ಣ ಕೋರಿಕೆ. ಎಕ್ಸ್‌ಚೇಂಜಿಗೆ ಹೋಗುವಾಗ ಬಿಲ್ ಹಿಡಿದುಕೊಂಡು ಹೋಗಿ. ಕವರಿಗೆ ದುಡ್ಡು ಹಾಕಿದ್ದಕ್ಕೆ ಕೋಪ ಬಂದರೆ ಮಾಲೀಕರ ಹತ್ತಿರ ಹೇಳಿ, ಕವರಿನ ರೇಟು ಇಟ್ಟದ್ದು ಬಿಲ್ ಮಾಡುವ ಹುಡುಗಿ ಅಲ್ಲ. ಬಜೆಟ್ ಎಷ್ಟು ಅಂತ ಮೊದಲೇ ಹೇಳಿ, ಅದರಲ್ಲಿ ಅವಮಾನ ಇಲ್ಲ. ಮತ್ತೆ ದಯವಿಟ್ಟು ರಾತ್ರಿ ಎಂಟೂವರೆಗೆ ಅಂಗಡಿ ಹೊಗಬೇಡಿ. ಒಳಗೆ ನಿಂತವರಿಗೆ ಕೊನೆಯ ಬಸ್ಸು ತಪ್ಪುತ್ತದೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ನಿಜ, ಆದರೆ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಯ ಹಳ್ಳಿಗಳಿಗೆ ಓಡುವುದು ಹೆಚ್ಚಾಗಿ ಪ್ರೈವೇಟ್ ಬಸ್ಸು. ಈ ತಂಗಿ ದಿನಾ ದುಡ್ಡು ಕೊಟ್ಟೇ ಬರುವುದು, ಬಸ್ಸು ತಪ್ಪಿದರೆ ರಿಕ್ಷಾಕ್ಕೆ ಒಂದು ದಿನದ ಸಂಬಳವೇ ಹೋಗುತ್ತದೆ.

ಇನ್ನೊಮ್ಮೆ ಯಾರಾದರೂ ಬಿಲ್ ಇಲ್ಲದೆ ವಾಪಸ್ ತಂದರೆ, ವಾದಕ್ಕೆ ಇಳಿಯಬೇಡಿ. ವಸ್ತುವನ್ನು ಕೈಗೆ ತೆಗೆದುಕೊಳ್ಳುವ ಮೊದಲೇ, "ಇದನ್ನು ತೀರ್ಮಾನ ಮಾಡುವ ಅಧಿಕಾರ ನನಗಿಲ್ಲ ಅಕ್ಕಾ, ಒಂದು ನಿಮಿಷ, ಧಣಿಗಳನ್ನು ಕರೆಯುತ್ತೇನೆ" ಅನ್ನಿ. ಸ್ವರ ಎತ್ತರಿಸಬೇಡಿ, ತಲೆಯನ್ನೂ ತಗ್ಗಿಸಬೇಡಿ. ನಿರ್ಧಾರ ಯಾರದ್ದೋ ಅವರೇ ಬಂದು ಹೇಳಲಿ.

ಕೆಲಸ ಬಿಡಲಾ ಅಂತ ಕೇಳಿದಿರಿ. ಆ ಹೆಂಗಸಿಗಾಗಿ ಬಿಡಬೇಡಿ. ಮೊದಲು ಧಣಿಗಳ ಹತ್ತಿರ ಮಾತಾಡಿ. ಒಬ್ಬರೇ ಹೋಗಬೇಡಿ, ನಿಮ್ಮ ವಿಭಾಗದ ಮೂರು ನಾಲ್ಕು ಜನ ಒಟ್ಟಿಗೆ ಹೋಗಿ. ಒಂದು ಗಂಟೆ ಊಟದ ಬಿಡುವು, ವಾರದ ರಜೆ, ಸ್ಟೂಲು, ಮತ್ತೆ ಎಕ್ಸ್‌ಚೇಂಜಿನ ರೂಲನ್ನು ದೊಡ್ಡ ಅಕ್ಷರದಲ್ಲಿ ಬರೆದು ಕ್ಯಾಶ್ ಕೌಂಟರಿನ ಹಿಂದೆ ಹಾಕುವುದು. ಅಷ್ಟೇ ಕೇಳಿ. ಕೇಳಿದ್ದಕ್ಕೆ ನಾಳೆಯಿಂದ ಬರಬೇಡ ಅಂದರೆ ಹೆದರಬೇಡಿ. ಆರು ತಿಂಗಳ ಮೇಲೆ ಕೆಲಸ ಮಾಡಿದವರನ್ನು ಸರಿಯಾದ ಕಾರಣ ಮತ್ತು ಒಂದು ತಿಂಗಳ ನೋಟಿಸ್ ಅಥವಾ ಸಂಬಳ ಕೊಡದೆ ತೆಗೆಯುವ ಹಾಗಿಲ್ಲ. ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ವಕೀಲರಿಗೆ ದುಡ್ಡಿಲ್ಲ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತ. ಫೋನ್ ನಂಬರ್ 15100.

ಮಾತಾಡಿಯೂ ಏನೂ ಬದಲಾಗದಿದ್ದರೆ ಆಗ ಬಿಡಿ, ನಾನೇ ಹೇಳುತ್ತೇನೆ. ಆದರೆ ಕೋಪದಲ್ಲಿ ಚೀಲ ಎತ್ತಿಕೊಂಡು ಹೊರಡಬೇಡಿ. ಪಿಎಫ್ ಇದ್ದರೆ ಯುಎಎನ್ ನಂಬರ್, ಅಂದರೆ ನಿಮ್ಮ ಪಿಎಫ್ ಖಾತೆಯ ಗುರುತಿನ ನಂಬರ್, ಬರೆದುಕೊಳ್ಳಿ, ಬಾಕಿ ಸಂಬಳ ತೆಗೆದುಕೊಳ್ಳಿ, ಅನುಭವ ಪತ್ರ ಬರೆಸಿಕೊಳ್ಳಿ. ನಾಲ್ಕೈದು ಭಾಷೆ ಮಾತಾಡುತ್ತಾ ಸೀರೆ ಮಾರಬಲ್ಲ ಹುಡುಗಿಯನ್ನು ಮಂಗಳೂರಲ್ಲಾಗಲಿ ಉಡುಪಿಯಲ್ಲಾಗಲಿ ಯಾವ ಬಟ್ಟೆ ಅಂಗಡಿಯವರೂ ಬೇಡ ಅನ್ನುವುದಿಲ್ಲ. ಹೊಸ ಕಡೆ ಸೇರುವಾಗ ಸಂಬಳದ ಜೊತೆಗೆ ಊಟದ ಹೊತ್ತು ಎಷ್ಟು, ಟಾಯ್ಲೆಟ್ ಎಲ್ಲಿ ಅಂತಲೂ ಕೇಳಿ.

ಬೆಳಿಗ್ಗೆ ಹತ್ತರ ಮೊದಲು ಜನ ಕಡಿಮೆ ಅಂತ ನೀವೇ ಬರೆದಿದ್ದೀರಿ. ಧಣಿಗಳ ಹತ್ತಿರ ಆ ಹೊತ್ತಿಗೆ ಹೋಗಿ, ಸ್ಟೂಲಿನ ವಿಷಯ ಮೊದಲು ಎತ್ತಿ. ಅವರು ಎಂತ ಹೇಳಿದರು ಅಂತ ನನಗೆ ಬರೆಯಿರಿ.

ನಿಮ್ಮ,
ಸಂಪಾದಕ