ಮಾಸ್ಟ್ರೇ, ಒಂದು ಸಂಶಯ: ಜೋಗೇಶ್ವರಿಯ ಕಂಬ, ಘಾರಾಪುರಿಯ ಕಂಬ

ಪ್ರಶ್ನೆ: ಮಾಸ್ಟ್ರೇ, ನಮಸ್ಕಾರ. ನಮ್ಮ ಮನೆ ಮುಂಬೈಯ ಜೋಗೇಶ್ವರಿ ಗುಹೆಯ ಹತ್ತಿರ. ಮೊನ್ನೆ ಊರಿನಿಂದ ನಾದಿನಿಯ ಮಕ್ಕಳು ಬಂದಾಗ ಎಲಿಫೆಂಟಾ ಗುಹೆಗೆ, ಅಂದರೆ ಘಾರಾಪುರಿ ದ್ವೀಪಕ್ಕೆ, ಹೋಗಿದ್ದೆವು. ಕಂಬ ಕಂಡದ್ದೇ ಮಗಳು, "ಅಮ್ಮಾ, ಇದು ನಮ್ಮ ಗುಹೆಯದ್ದೇ ಅಲ್ವಾ?" ಅಂದಳು. ನಡುವೆ ಸಮುದ್ರ ಇದ್ದೂ ಇದು ಹೇಗೆ? ಎರಡನ್ನೂ ನಮ್ಮ ಚಾಲುಕ್ಯರೇ ಕಡೆಸಿದ್ದಂತೆ, ಹೌದೇ?
– ಓದುಗರೊಬ್ಬರು, ಜೋಗೇಶ್ವರಿ ಪೂರ್ವ

ಉತ್ತರ: ತಂಗೀ, ನಿಮ್ಮ ಮಗಳ ಕಣ್ಣು ಚುರುಕಾಗಿದೆ. ನಾಳೆಯೇ ಅವಳಿಗೊಂದು ಡ್ರಾಯಿಂಗ್ ಪುಸ್ತಕ ತೆಗೆಸಿಕೊಡಿ.

ರಾತ್ರಿ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದಾಗ ನಾನು ಹುಡುಗರನ್ನು ಎರಡೂ ಕಡೆ ಕರೆದುಕೊಂಡು ಹೋಗಿ ಆ ಕಂಬದ ಮುಂದೆಯೇ ಕೂರಿಸುತ್ತಿದ್ದೆ. ಬುಡ ಚೌಕ, ಮೇಲೆ ದುಂಡು, ಮೈಗೆ ಒತ್ತೊತ್ತಾಗಿ ಉದ್ದುದ್ದ ಗೀರು, ತಲೆಯಲ್ಲಿ ಭಾರಕ್ಕೆ ಒತ್ತಿಕೊಂಡ ದಿಂಬಿನಂಥ ಬೋದಿಗೆ. ಹೋಟೆಲಿನಲ್ಲಿ ಕೆಲಸಕ್ಕಿದ್ದ ಹುಡುಗನೊಬ್ಬ, "ಬನ್ಸ್ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ಒತ್ತಿದ ಹಾಗುಂಟು ಮಾಸ್ಟ್ರೇ" ಅಂದಿದ್ದ. ಅವನು ಬಿಡಿಸಿದಷ್ಟು ಚೆನ್ನಾಗಿ ಆ ಉಬ್ಬನ್ನು ಬೇರೆ ಯಾರೂ ಬಿಡಿಸಲಿಲ್ಲ. ಜೋಗೇಶ್ವರಿಯಲ್ಲಿ ನೀರು ಜಿನುಗಿ ಕಲ್ಲು ಸವೆದಿದೆ. ಅಲ್ಲಿ ಕಣ್ಣಿಗಿಂತ ಊಹೆಗೆ ಕೆಲಸ ಹೆಚ್ಚು.

ಕಂಬಕ್ಕಿಂತ ದೊಡ್ಡ ಸಾಕ್ಷಿ ಗರ್ಭಗುಡಿ. ಎರಡೂ ಕಡೆ ಅದು ಚೌಕ, ನಾಲ್ಕು ದಿಕ್ಕಿಗೂ ಬಾಗಿಲು. ಜೋಗೇಶ್ವರಿ ಮೊದಲು, ಘಾರಾಪುರಿ ಸ್ವಲ್ಪ ಅನಂತರ, ಎರಡೂ ಆರನೆಯ ಶತಮಾನದವು ಎಂಬುದು ಬಹಳ ವಿದ್ವಾಂಸರ ಅಭಿಪ್ರಾಯ. ಒಂದೇ ಪರಂಪರೆಯ ಶಿಲ್ಪಿಗಳ ಕೈ ಎರಡರಲ್ಲೂ ಇದೆ ಎನ್ನಲು ನನಗಂತೂ ಅಳುಕಿಲ್ಲ.

ಸಮುದ್ರದ ಮಾತು. ಲೋಕಲ್ ಟ್ರೈನಿನಲ್ಲಿ ಓಡಾಡುವ ನಮಗೆ ಮರೆತೇ ಹೋಗಿದೆ, ನಿಮ್ಮ ಜೋಗೇಶ್ವರಿ ಇರುವುದೂ ದ್ವೀಪದಲ್ಲೇ: ಸಾಲ್ಸೆಟ್, ಮರಾಠಿಯ ಸಾಷ್ಟಿ. ದಕ್ಷಿಣಕ್ಕಿದ್ದ ಪರೇಲ್ ಇನ್ನೊಂದು ದ್ವೀಪ. 1931ರಲ್ಲಿ ಅಲ್ಲಿ ರಸ್ತೆ ಕೆಲಸಕ್ಕೆ ಅಗೆಯುವಾಗ ಆಳೆತ್ತರಕ್ಕೂ ಮಿಗಿಲಾದ ಶಿವನ ಶಿಲೆ ಸಿಕ್ಕಿತು. ಒಬ್ಬನ ಮೈಯಿಂದ ಇನ್ನೊಬ್ಬ ಮೂಡಿ ಬರುವಂತೆ ಒಂದೇ ಕಲ್ಲಿನಲ್ಲಿ ಏಳು ರೂಪ. ಈಗಲೂ ಪರೇಲಿನ ಬಾರಾದೇವಿ ಗುಡಿಯಲ್ಲಿದೆ. ಆ ತುಂಬಿದ ಭುಜ, ಅರೆಮುಚ್ಚಿದ ಕಣ್ಣಿನ ಶಾಂತಿ ನೋಡಿದರೆ ಘಾರಾಪುರಿಯ ಮೂರು ಮುಖದ ಸದಾಶಿವ ನೆನಪಾಗದೇ ಇರುವುದಿಲ್ಲ. ಉಳಿ ಹಿಡಿದವರು ದೋಣಿ ಹತ್ತಿ ಕೆಲಸ ಇದ್ದ ದ್ವೀಪಕ್ಕೆ ಹೋಗುತ್ತಿದ್ದರು ಎಂದೇ ನನ್ನ ನಂಬಿಕೆ. ಮೀನುಗಾರರ ಮನೆಯಲ್ಲಿ ಹುಟ್ಟಿದವನು ನಾನು, ನೀರು ನಮಗೆ ರಸ್ತೆ.

ಚಾಲುಕ್ಯರ ವಿಷಯ. ಅಭಿಮಾನ ನನಗೂ ಇದೆ, ಆದರೆ ಇಲ್ಲದ್ದನ್ನು ಹೇಳಲಾರೆ. ಘಾರಾಪುರಿಯಲ್ಲಿ ಸಿಕ್ಕಿದ ನಾಣ್ಯಗಳಲ್ಲಿ ಕಲಚುರಿ ದೊರೆ ಕೃಷ್ಣರಾಜನವು ಇವೆ. (ಇವರು ಮಾಹಿಷ್ಮತಿಯ ಕಲಚುರಿಗಳು, ಬಿಜ್ಜಳನಿಗಿಂತ ಆರು ನೂರು ವರ್ಷ ಹಿಂದಿನವರು.) ಈಗ ಹೆಚ್ಚಿನವರು ಬೆರಳು ತೋರಿಸುವುದು ಅವರ ಕಡೆಗೆ. ನಮ್ಮ ಪುಲಕೇಶಿ ಮದಗಜಗಳಂಥ ನೂರಾರು ಹಡಗು ತಂದು ಪಡುಗಡಲ ಲಕ್ಷ್ಮಿಯಾದ 'ಪುರಿ'ಯನ್ನು ಮುತ್ತಿದ ಎಂದು 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಬರೆದಿದ್ದಾನೆ. ಆ ಪುರಿ ಘಾರಾಪುರಿಯೇ ಎಂದು ಕೆಲವರು, ಅಲ್ಲ ಎಂದು ಕೆಲವರು. ಹೌದಾದರೂ ಪುಲಕೇಶಿ ಬರುವ ಹೊತ್ತಿಗೆ ಗುಹೆ ಕಡೆದು ಮುಗಿದಿತ್ತು.

ಬೊರಿವಲಿಯ ಮಂಡಪೇಶ್ವರ ಗುಹೆಗೂ ಮಗಳನ್ನು ಕರೆದುಕೊಂಡು ಹೋಗಿ. ಅಲ್ಲೂ ಒಬ್ಬ ನಟರಾಜನಿದ್ದಾನೆ. ಘಾರಾಪುರಿಯ ನಟರಾಜನ ಕೈಕಾಲು ಮುರಿದಿವೆ. ಮಂಡಪೇಶ್ವರದವನನ್ನು ಮೊದಲು ಬಿಡಿಸಿಕೊಂಡರೆ ಘಾರಾಪುರಿಯಲ್ಲಿ ಮುರಿದ ಗೆರೆ ಎತ್ತ ಹೊರಳಿತ್ತೆಂದು ಕೈಗೇ ತಿಳಿಯುತ್ತದೆ. ಸೋಮವಾರ ಎಲಿಫೆಂಟಾ ಬಂದ್, ನೆನಪಿರಲಿ. ಬಿಡಿಸಿದ್ದನ್ನು ನನಗೆ ಕಳಿಸಲು ಹೇಳಿ.